ಬೆರಳಾಟವೋ? ಮೈಯಾಟವೋ?

ಸಗರನಾಡಿನಿಂದ ವಾರದ ಹರಟೆ

ಯಾವ ನಾಯಕಿ ಯಾರ ಮೇಲೆ ಮುನಿಸಿಕೊಂಡಳು, ಗಾಂಧಿನಗರದಲ್ಲಿ ಯಾರು ಯಾರಿಗೆ ಅಡ್ವಾನ್ಸು ಕೊಟ್ಟರು ಎಂಬ ಬಿಸಿ ಬಿಸಿ ಸುದ್ದಿ ಈ ವಾರ ನನ್ನ ಪುಟದಲ್ಲಿಲ್ಲ. ಅದಕ್ಕೆ ಬೇರೆ ಪುಟಗಳಿವೆ, ನನಗಿಂತ ಚುರುಕು ಕಿವಿಯವರೂ ಇದ್ದಾರೆ. ಈ ವಾರದ್ದು ಒಂದು ಪಂಚಾಯ್ತಿ. ಅದೂ ಓಡುವ ಬಸ್ಸಿನಲ್ಲಿ ನಡೆದ ಪಂಚಾಯ್ತಿ!

ಹೋದ ತಿಂಗಳ ಮಾತು. ಸುರಪುರದಿಂದ ಶಹಾಪುರಕ್ಕೆ ಬರುವ ಸಂಜೆ ಬಸ್ಸು. ನನಗೆ ಸಿಕ್ಕಿದ್ದು ಕಟ್ಟಕಡೆಯ ಸೀಟು. ಆ ಸೀಟಿನಲ್ಲಿ ಕೂತವರಿಗೆ ಗೊತ್ತು, ಅದು ಸೀಟಲ್ಲ, ತೊಟ್ಟಿಲು. ಪಕ್ಕದಲ್ಲಿ ಇಬ್ಬರು ಕಾಲೇಜು ಹುಡುಗರು. ಇಬ್ಬರ ಕೈಯಲ್ಲೂ ಫೋನು, ಇಬ್ಬರ ಬಾಯಲ್ಲೂ ಜಗಳ.

"ಜೈರೋ ಹಾಕ್ಕೊಂಡು ಆಡೋದು ಆಟ ಅಲ್ಲಲೇ, ಮೋಸ!"

"ಯಾಕ ಮೋಸ? ಸೆಟ್ಟಿಂಗಿನಾಗ ಅವರೇ ಕೊಟ್ಟಾರ."

"ಕೊಟ್ಟಾರಂದ್ರ? ಇಲಿ ಪಾಷಾಣಾನೂ ಅಂಗಡ್ಯಾಗ ಇಟ್ಟಾರ. ತಿಂತಿಯೇನು?"

ಅಷ್ಟರಲ್ಲಿ ಬಸ್ಸು ಒಂದು ಹಂಪು ಹಾರಿತು. ಜೈರೋ ಪಕ್ಷದ ಹುಡುಗನ ಬಂದೂಕು ಶತ್ರುವನ್ನು ಬಿಟ್ಟು ಆಕಾಶಕ್ಕೆ ಗುಂಡು ಹಾರಿಸಿತು. ಎದುರು ಪಕ್ಷದವನು ಚಪ್ಪಾಳೆ ತಟ್ಟಿ ನಕ್ಕ. ಮುಂದಿನ ಸೀಟಿನ ಆಯಿ ತಿರುಗಿ ನೋಡಿ, "ಸುಮ್ ಕುಂದರ್ರೋ, ಕೂಸು ಮಲಗ್ಯದ" ಎಂದಳು.

ಜೈರೋ ಎಂದರೇನೆಂದು ಕೇಳುವ ಹಿರಿಯ ಓದುಗರಿಗೆ ಒಂದು ಮಾತು. ಹುಡುಗರು ಆಡುತ್ತಿದ್ದದ್ದು ಬಿಜಿಎಂಐ. 2020ರ ಸೆಪ್ಟೆಂಬರಿನಲ್ಲಿ ಸರಕಾರ ಪಬ್‌ಜಿ ಮೊಬೈಲನ್ನು ನಿಷೇಧಿಸಿತಲ್ಲ, ಆಮೇಲೆ 2021ರ ಜುಲೈಯಲ್ಲಿ ಹೆಸರು ಬದಲಿಸಿಕೊಂಡು ಬಂದ ಅವತಾರ ಇದು. 2022ರಲ್ಲಿ ಅದನ್ನೂ ತೆಗೆಸಿದರು, 2023ರಲ್ಲಿ ಅದು ಮತ್ತೆ ಬಂತು. ನಮ್ಮ ಸಿನಿಮಾದ ವಿಲನ್ನುಗಳೂ ಇಷ್ಟು ಸಲ ಸತ್ತು ಬದುಕಿಲ್ಲ! ಈ ಆಟದಲ್ಲಿ ಎಡ ಹೆಬ್ಬೆರಳು ನಡೆಸುತ್ತದೆ, ಬಲ ಹೆಬ್ಬೆರಳು ಗುರಿ ಇಡುತ್ತದೆ. ಇದು ಬೆರಳಾಟ. ಆದರೆ ಸೆಟ್ಟಿಂಗಿನಲ್ಲಿ ಜೈರೋಸ್ಕೋಪ್ ಎಂಬುದನ್ನು ಆನ್ ಮಾಡಿದರೆ, ಬೆರಳು ಎಳೆಯುವ ಬದಲು ಫೋನನ್ನೇ ತುಸು ಓರೆ ಮಾಡಿ ಗುರಿ ಇಡಬಹುದು. ಕೈ ಹೊರಳಿದ ಕಡೆ ಬಂದೂಕು ಹೊರಳುತ್ತದೆ. ಇದು ಮೈಯಾಟದ ತಮ್ಮ.

ಜಗಳಕ್ಕೆ ಕಾರಣ ಸುರಪುರದಲ್ಲಿ ಈ ಹುಡುಗರು ಸೇರಿ ಇಟ್ಟುಕೊಂಡಿದ್ದ ಒಂದು ಪಂದ್ಯ. ಫೀಸಿಲ್ಲ, ರೊಕ್ಕದ ಬಹುಮಾನ ಇಲ್ಲ. ಒಂದು ಕಪ್ಪು, ಒಂದು ಜೊತೆ ಇಯರ್‌ಫೋನು, ಅಷ್ಟೇ. ಆ ಪಂದ್ಯದಲ್ಲಿ "ಜೈರೋ ಬಂದ್" ಎಂದು ನಿಯಮ ಮಾಡಬೇಕೋ ಬೇಡವೋ? ಇದೇ ತಕರಾರು.

ಅವರಲ್ಲಿ ಒಬ್ಬ ನನ್ನ ಕೈಯಲ್ಲಿದ್ದ ಈ ವಾರಪತ್ರಿಕೆ ನೋಡಿದ, ಮುಖ ನೋಡಿದ. "ಅಣ್ಣಾ, ನೀವು ಇದರಾಗ ಬರೀತೀರಲ್ರೀ? ನೀವೇ ಹೇಳ್ರಿ. ಮೈ ಅಳ್ಳಾಡಿಸಿ ಆಡೋದು ಚಲೋನೋ ಕೆಟ್ಟದ್ದೋ?"

ಪಿಯುಸಿ ಅರ್ಧಕ್ಕೆ ಬಿಟ್ಟವನನ್ನು ಯಾರಾದರೂ ನ್ಯಾಯ ಹೇಳು ಎಂದು ಕೇಳಿದರೆ ಎದೆ ಉಬ್ಬದೇ ಇರುತ್ತದೆಯೇ? ಒಂದು ವಾರ ಟೈಮು ಕೊಡ್ರಿ ಎಂದೆ. ಆಡುವವರ ಪಟ್ಟಿ ತೋರಿಸಿದರು. ಅದರಲ್ಲಿ ಒಂದು ಹೆಸರು ನೋಡಿ ನನ್ನ ಎದೆ ಧಸಕ್ಕೆಂದಿತು. ಅದು ಯಾರ ಹೆಸರು ಎಂದು ಆಮೇಲೆ ಹೇಳುತ್ತೇನೆ. ಆ ಹುಡುಗರಿಗೂ ಅಂದು ಹೇಳಲಿಲ್ಲ.

* * *

ಮೊದಲು ನಮ್ಮ ಮುತ್ಯಾನ ಮಾತು. ಪ್ರಾಯದಲ್ಲಿ ಆತ ದೊಡ್ಡಾಟದ ವೇಷಗಾರ. ಕಿರೀಟ, ಭುಜಕೀರ್ತಿ, ಕಾಲಿಗೆ ಗೆಜ್ಜೆ ಕಟ್ಟಿ ಒಂದು ಸಲ ಕುಣಿದರೆ ಅಟ್ಟದ ಹಲಗೆ ಮುರಿಯುತ್ತಿತ್ತಂತೆ. ಕೆಲವು ವರ್ಷಗಳ ಹಿಂದೆ ಕ್ಯಾಮರಾದವರು ಯಾರೋ ಊರಿಗೆ ಬಂದು ಮುತ್ಯಾನಿಗೆ ವೇಷ ಹಾಕಿಸಿದರು. ಮುತ್ಯಾ ತನ್ನ ಪದ್ಧತಿಯಂತೆ ಕೈ ಬೀಸಿ, ಕಣ್ಣು ತಿರುವಿ ಅಬ್ಬರಿಸಿದ. ಕ್ಯಾಮರಾ ಹುಡುಗ, "ಅಜ್ಜಾ, ಸ್ವಲ್ಪ ಸಣ್ಣಗೆ ಮಾಡಿ, ಮುಖ ಮಾತ್ರ ಸಾಕು" ಎಂದ. ಮುತ್ಯಾ ಕಿರೀಟ ಇಳಿಸಿ ಕೆಳಗಿಟ್ಟೇಬಿಟ್ಟ!

"ಕಡೀ ಸಾಲಿನಾಗ ಕುಂತ ಮುದುಕಿಗೆ ಕಾಣಬೇಕಂದ್ರ ಮೈ ಎಲ್ಲಾ ಮಾತಾಡಬೇಕು ತಮ್ಮಾ. ಇವರು ಬರೀ ಹುಬ್ಬು ಕೇಳ್ತಾರ."

ಚಿತ್ರರಸಿಕರೇ, ಇದು ಹಳೆಯ ಜಗಳ. ನಾಟಕದ ಕಂಪನಿಯಿಂದ ಬೆಳ್ಳಿತೆರೆಗೆ ಬಂದವರೆಲ್ಲ ಈ ಪಾಠ ಕಲಿಯಲೇಬೇಕಾಯಿತು. ಗುಬ್ಬಿ ಕಂಪನಿಯ ರಂಗದ ಮೇಲೆ ಬೆಳೆದ ರಾಜಕುಮಾರ್ 1954ರಲ್ಲಿ 'ಬೇಡರ ಕಣ್ಣಪ್ಪ'ನಾಗಿ ಕ್ಯಾಮರಾ ಮುಂದೆ ನಿಂತಾಗ ಎದುರಿಗೆ ಕಡೀ ಸಾಲಿನ ಮುದುಕಿ ಇರಲಿಲ್ಲ. ಇದ್ದದ್ದು ಗಾಜಿನ ಒಂದೇ ಕಣ್ಣು, ಅದೂ ಮಾರು ದೂರದಲ್ಲಿ. ಅದಕ್ಕೆ ರೆಪ್ಪೆ ಅಲುಗಿದರೂ ಸಾಕು. ಹಾಗೆಂದು ರಂಗದ ಕುಣಿತ ಕೆಟ್ಟದ್ದೇ? ಅಲ್ಲ. ನೋಡುವ ಕಣ್ಣು ಎಷ್ಟು ದೂರದಲ್ಲಿದೆ ಎಂಬುದರ ಮೇಲೆ ಮೈ ಎಷ್ಟು ಆಡಬೇಕೆಂಬ ಲೆಕ್ಕ ನಿಂತಿದೆ. ವೀಡಿಯೋ ಗೇಮಿನ ಲೆಕ್ಕವೂ ಇದೇ ಎಂದು ನನಗೆ ಹೊಳೆದದ್ದು ಮುತ್ಯಾನಿಂದ.

* * *

ನಾನು ಪ್ರಾಥಮಿಕ ಶಾಲೆಯಲ್ಲಿದ್ದಾಗ ಶಹಾಪುರದಲ್ಲಿ ಒಬ್ಬರ ಮನೆಗೆ ಟಿವಿ ಗೇಮು ಬಂತು. ಹಳದಿ ಕ್ಯಾಸೆಟ್ಟು, ಎರಡು ರಿಮೋಟು, ಜೊತೆಗೊಂದು ಪ್ಲಾಸ್ಟಿಕ್ ಪಿಸ್ತೂಲು. ಜಪಾನಿನ ನಿಂಟೆಂಡೋ ಕಂಪನಿ 1983ರಲ್ಲಿ ತಂದ ಯಂತ್ರದ ನಕಲು ಅದು. ನಮಗದು ಅಸಲಿಗಿಂತ ಅಸಲಿ! ಆ ಪಿಸ್ತೂಲಿನಿಂದ ಟಿವಿಯ ಬಾತುಕೋಳಿ ಹೊಡೆಯಲು ಓಣಿಯ ಹುಡುಗರೆಲ್ಲ ಬಾಗಿಲಲ್ಲಿ ಸರತಿ ನಿಲ್ಲುತ್ತಿದ್ದೆವು.

ಅದರ ಗುಟ್ಟು ಎಷ್ಟು ಸರಳ ಗೊತ್ತೇ? ಪಿಸ್ತೂಲು ಏನನ್ನೂ ಹಾರಿಸುವುದಿಲ್ಲ. ಅದರ ಮೂತಿಯಲ್ಲಿರುವುದು ಬೆಳಕು ನೋಡುವ ಕಣ್ಣು. ಕುದುರೆ ಒತ್ತಿದ ಕ್ಷಣ ಪರದೆಯೆಲ್ಲ ಕಪ್ಪಾಗಿ, ಬಾತುಕೋಳಿ ಇದ್ದ ಜಾಗ ಮಾತ್ರ ಬಿಳಿ ಚೌಕವಾಗುತ್ತದೆ. ಕಣ್ಣು ರೆಪ್ಪೆ ಹೊಡೆಯುವಷ್ಟರಲ್ಲಿ ಆ ಬಿಳಿ ಕಂಡರೆ ಏಟು ಬಿತ್ತು ಎಂದು ಲೆಕ್ಕ. ಹೊಟ್ಟೆ ದಪ್ಪದ ಹಳೇ ಟಿವಿಗೆ ಹೊಂದಿಸಿ ಮಾಡಿದ ಜಾಣತನ ಇದು. ಊರಿಗೆ ಚಪ್ಪಟೆ ಟಿವಿ ಬಂದದ್ದೇ ಬಂತು, ಆ ಪಿಸ್ತೂಲು ಕುರುಡಾಯಿತು.

ಆದರೆ ಆ ಖುಷಿ! ರಿಮೋಟಿನಲ್ಲಿ ಹೊಡೆದದ್ದಕ್ಕೂ ಪಿಸ್ತೂಲಿನಲ್ಲಿ ಹೊಡೆದದ್ದಕ್ಕೂ ಆಕಾಶ ಭೂಮಿ ಅಂತರ. ಯಾಕೆಂದರೆ ಕೈ ಮಾಡುವ ಕೆಲಸವೂ ಪರದೆಯ ಮೇಲಾಗುವ ಕೆಲಸವೂ ಒಂದೇ. ಮೈಲಾಪುರ ಮಲ್ಲಯ್ಯನ ಜಾತ್ರೆಯಲ್ಲಿ ಬಲೂನಿಗೆ ಗುರಿ ಹೊಡೆದವನಿಗೆ ಯಾರೂ ಕಲಿಸುವುದೇ ಬೇಡ. ಗೇಮೆಂದರೆ ಏನೆಂದೇ ಗೊತ್ತಿಲ್ಲದ ಆ ಮನೆಯ ಯಜಮಾನರೂ ಒಂದು ಬಾತುಕೋಳಿ ಕೆಡವಿದ್ದು ನೆನಪಿದೆ. ಮೈಯಾಟದ ದೊಡ್ಡ ಗುಣ ಇದು. ಹೊಸಬನಿಗೆ ಬಾಗಿಲು ತೆರೆಯುತ್ತದೆ.

* * *

ಹಾಲಿವುಡ್ಡಿನವರಿಗೆ ಈ ವಿಷಯದಲ್ಲಿ ದೊಡ್ಡ ಕನಸಿತ್ತು. 1989ರಲ್ಲಿ ಎರಡು ಸಿನಿಮಾ ಬಂದವು. ಒಂದು 'ದಿ ವಿಝಾರ್ಡ್'. ಅದರಲ್ಲಿ ಒಬ್ಬ ಹುಡುಗ ಪವರ್ ಗ್ಲೋವ್ ಎಂಬ ಕೈಗವಸು ತೊಟ್ಟು, ಕೈ ಆಡಿಸಿಯೇ ಗೇಮು ಆಡುವ ಠೀವಿ! ಸಿನಿಮಾದಲ್ಲಿ ಆ ಕೈಗವಸು ಹೀರೋ, ಮನೆಯಲ್ಲಿ ಜೀರೋ. ಮಕ್ಕಳು ಕೈ ಒಂದು ಕಡೆ ತಿರುಗಿಸಿದರೆ ಗೇಮು ಇನ್ನೊಂದು ಕಡೆ ಹೋಗುತ್ತಿತ್ತು. ಬಹಳ ಕಾಲ ಬಾಳಲಿಲ್ಲ.

ಇನ್ನೊಂದು 'ಬ್ಯಾಕ್ ಟು ದಿ ಫ್ಯೂಚರ್' ಎರಡನೇ ಭಾಗ. ನಾಯಕ 2015ಕ್ಕೆ ಹೋಗುತ್ತಾನೆ. ಹೋಟೆಲ್ಲಿನಲ್ಲಿ ಹಳೇ ಪಿಸ್ತೂಲಿನ ಗೇಮು ಕಂಡು, ಗುರಿ ಹೊಡೆದು ತೋರಿಸುತ್ತಾನೆ. ಅಲ್ಲಿದ್ದ ಪುಟ್ಟ ಹುಡುಗರು ಮೆಚ್ಚುವ ಬದಲು, ಇದಕ್ಕೆ ಕೈ ಬೇರೆ ಬೇಕಾ ಎಂದು ಮೂಗು ಮುರಿದು ಹೋಗುತ್ತಾರೆ! 2015ರ ಹೊತ್ತಿಗೆ ಕೈಯೇ ಬೇಡದ ಆಟ ಬರುತ್ತದೆಂದು ಅವರ ಭವಿಷ್ಯವಾಣಿ.

ಭವಿಷ್ಯವಾಣಿ ಅರ್ಧ ಫಲಿಸಿತು. 2006ರ ನವೆಂಬರಿನಲ್ಲಿ ನಿಂಟೆಂಡೋ ಕಂಪನಿಯ 'ವೀ' ಬಂತು. ಕೈಯಲ್ಲಿ ಕೋಲಿನಂಥ ರಿಮೋಟು. ಬೀಸಿದರೆ ಟೆನಿಸ್ ಬ್ಯಾಟು, ಉರುಳಿಸಿದಂತೆ ಮಾಡಿದರೆ ಬೌಲಿಂಗ್ ಚೆಂಡು. ಅಮೆರಿಕದಲ್ಲಿ ಅಜ್ಜ ಅಜ್ಜಿಯರು ಮೊಮ್ಮಕ್ಕಳ ಜೊತೆ ನಿಂತು ಆಡಿದರು. ಹತ್ತು ಕೋಟಿಗೂ ಹೆಚ್ಚು ಯಂತ್ರ ಮಾರಾಟವಾದವು. ಆದರೆ ಬೀಸುವ ಭರದಲ್ಲಿ ಕೈ ಜಾರಿ ರಿಮೋಟು ಟಿವಿಗೇ ಹೋಗಿ ಬಡಿಯತೊಡಗಿತು! ಅದೇ ಡಿಸೆಂಬರಿನಲ್ಲಿ ಕಂಪನಿ ಮಣಿಕಟ್ಟಿನ ಪಟ್ಟಿ ಗಟ್ಟಿಮಾಡಿ, ಸುಮಾರು 32 ಲಕ್ಷ ಪಟ್ಟಿಗಳನ್ನು ಪುಕ್ಕಟೆ ಬದಲಾಯಿಸಿಕೊಡಲು ಮುಂದಾಯಿತು. 2007ರಲ್ಲಿ ಸ್ಪೇನಿನ 29 ವರ್ಷದ ಡಾಕ್ಟರೊಬ್ಬರು ಗಂಟೆಗಟ್ಟಲೆ ಆ ಟೆನಿಸ್ ಆಡಿ ಭುಜ ಹಿಡಿದು, ತಮ್ಮ ನೋವನ್ನು ತಾವೇ ವೈದ್ಯಕೀಯ ಪತ್ರಿಕೆಗೆ ಬರೆದರು. ಮೈಯಾಟದ ವಿರೋಧಿಗಳು ಇದನ್ನು ಓದಿ ಹಿಗ್ಗಬೇಡಿ. ಅದೇ ಪತ್ರಿಕೆಯಲ್ಲಿ 1990ರಲ್ಲೇ ಬಟನ್ ಒತ್ತಿ ಒತ್ತಿ ಹೆಬ್ಬೆರಳು ನೋಯಿಸಿಕೊಂಡವರ ಸಂಗತಿಯೂ ಬಂದಿತ್ತು. ಅತಿಯಾದರೆ ಅಮೃತವೂ ವಿಷ, ಬೆರಳಿಗೂ ಅಷ್ಟೇ, ಭುಜಕ್ಕೂ ಅಷ್ಟೇ.

2010ರ ನವೆಂಬರಿನಲ್ಲಿ ಮೈಕ್ರೋಸಾಫ್ಟ್ ಕಂಪನಿಯ 'ಕೈನೆಕ್ಟ್' ಬಂತು. ಇದಕ್ಕೆ ಕೋಲೂ ಬೇಡ. ಟಿವಿಯ ಕೆಳಗೆ ಕೂತ ಕ್ಯಾಮರಾ ಕಾಣದ ಕಿರಣ ಬಿಟ್ಟು ನಿಮ್ಮ ಕೈ, ಕಾಲು, ತಲೆ ಎಲ್ಲಿವೆ ಎಂದು ಅಳೆಯುತ್ತದೆ. ನೀವು ಜಿಗಿದರೆ ತೆರೆಯ ಮನುಷ್ಯನೂ ಜಿಗಿಯುತ್ತಾನೆ. ಜೇಮ್ಸ್ ಕೆಮರಾನ್ 2009ರ 'ಅವತಾರ್'ಗೆ, ನಮ್ಮ ಪಕ್ಕದ ಚೆನ್ನೈಯವರು 2014ರ ರಜನಿಕಾಂತ್ ಚಿತ್ರ 'ಕೊಚ್ಚಡೈಯಾನ್'ಗೆ ನಟರ ಚಲನೆ ಹಿಡಿದು ಬೊಂಬೆಗೆ ತೊಡಿಸಿದರಲ್ಲ, ಆ ವಿದ್ಯೆಯ ಬಡ ಸಂಬಂಧಿ ಎನ್ನಿ. ಮೊದಲ 60 ದಿನದಲ್ಲಿ 80 ಲಕ್ಷ ಮಾರಾಟ! ಮೊದಲ ವಾರದ ಹೌಸ್‌ಫುಲ್ ಬೋರ್ಡು!

ಪಿಯುಸಿ ಬಿಟ್ಟು ಬೆಂಗಳೂರಿನಲ್ಲಿ ಕೆಲಸ ಹುಡುಕುತ್ತಿದ್ದಾಗ ನಾನೂ ಒಂದು ಮಾಲಿನ ಗೇಮ್ ಅಂಗಡಿಯಲ್ಲಿ ಅದರ ಮುಂದೆ ನಿಂತೆ. ಸುತ್ತಲಿದ್ದವರು ನಕ್ಕರು, ನಾನೂ ನಕ್ಕೆ. ಹತ್ತು ನಿಮಿಷ ಸ್ವರ್ಗ. ಹದಿನೈದನೇ ನಿಮಿಷಕ್ಕೆ ತೋಳು ಸೋತಿತು. ಇಪ್ಪತ್ತನೇ ನಿಮಿಷಕ್ಕೆ ಒಂದು ಸಂಗತಿ ಗಮನಕ್ಕೆ ಬಂತು. ನಾನು ಕೈ ಎತ್ತಿದ ಮೇಲೆ ತುಸು ತಡವಾಗಿ ತೆರೆಯವನು ಕೈ ಎತ್ತುತ್ತಾನೆ. ಡಬ್ಬಿಂಗ್ ತಪ್ಪಿದ ಸಿನಿಮಾ ನೋಡಿದ್ದೀರಲ್ಲ? ತುಟಿ ಮುಚ್ಚಿದ ಮೇಲೆ ಮಾತು ಬರುವುದು? ಹಾಗೆ.

ಇನ್ನೊಂದು ತೊಂದರೆ ಜಾಗದ್ದು. ಒಬ್ಬರು ಆಡಲು ಕ್ಯಾಮರಾದಿಂದ 6 ಅಡಿ, ಇಬ್ಬರಾದರೆ 8 ಅಡಿ ದೂರ ನಿಲ್ಲಬೇಕೆಂದು ಕಂಪನಿಯೇ ಹೇಳಿತ್ತು. ನಮ್ಮ ಓಣಿಯ ಪಡಸಾಲೆಯಲ್ಲಿ 8 ಅಡಿ ಹಿಂದೆ ಸರಿದರೆ ಮಧ್ಯದಲ್ಲಿ ಜೋಳದ ಚೀಲ, ಹಿಂದೆ ಕಟ್ಟಿದ ಎಮ್ಮೆ! ನಮ್ಮ ಕತೆ ಬಿಡಿ, ಪಟ್ಟಣದ ಸಣ್ಣ ಮನೆಯವರಿಗೂ ಇದೇ ಗೋಳು. 2013ರಲ್ಲಿ ಹೊಸ ಎಕ್ಸ್‌ಬಾಕ್ಸ್ ಜೊತೆಗೆ ಕೈನೆಕ್ಟ್ ಕಡ್ಡಾಯ ಎಂದು 499 ಡಾಲರಿಗೆ ಮಾರಿದರು. ಜನ ಗೊಣಗಿದರು. 2014ರಲ್ಲಿ ಅದನ್ನು ಕಳಚಿಟ್ಟು 399ಕ್ಕೆ ಇಳಿಸಿದರು. 2017ರಲ್ಲಿ ತಯಾರಿಕೆಯೇ ನಿಂತಿತು. ನೋಡಿ, ಆ ಸಿನಿಮಾದ ಹುಡುಗರು ಕೈ ಬೇಡವೆಂದು ಮೂಗು ಮುರಿದ 2015ರಲ್ಲಿ ನಿಜವಾದ ಹುಡುಗರು ಕೈನೆಕ್ಟ್ ಬಿಟ್ಟು ಬಟನ್ನಿಗೆ ವಾಪಸು ಹೊರಟಿದ್ದರು!

ಹಾಗಾದರೆ ಮೈಯಾಟ ಸೋತಿತೇ? ಅವಸರ ಬೇಡ.

* * *

ಈಗ ಆ ಪಟ್ಟಿಯಲ್ಲಿದ್ದ ಹೆಸರಿನ ಸಂಗತಿ. ಅದು ನಮ್ಮ ದೊಡ್ಡಪ್ಪನ ಮಗನದು. ಹೆಸರು ಬೇಡ, ಅಣ್ಣ ಎನ್ನುತ್ತೇನೆ.

ನಮ್ಮ ಕಡೆ ಹತ್ತಿ ಹೆಚ್ಚು. ಸುಗ್ಗಿಯಲ್ಲಿ ಹತ್ತಿ ಮಿಲ್ಲುಗಳಿಗೆ ಕೈ ಬೇಕು. ಅಣ್ಣ ಒಂದು ಮಿಲ್ಲಿನಲ್ಲಿ ಮೂರು ಸುಗ್ಗಿ ದುಡಿದ. ಮೂರನೇ ಸುಗ್ಗಿಯಲ್ಲಿ ಯಂತ್ರ ಆತನ ಬಲಗೈ ಹೆಬ್ಬೆರಳು ಹಿಡಿಯಿತು. ಆಸ್ಪತ್ರೆ ಬಿಲ್ಲು ಕೊಟ್ಟರು, ಒಂದಿಷ್ಟು ರೊಕ್ಕ ಕೈಗಿಟ್ಟರು, ಅಲ್ಲಿಗೆ ಮುಗಿಯಿತು. ಬೆರಳು ಉಳಿಯಿತು, ಆದರೆ ಮಡಚುವುದಿಲ್ಲ. ಕಟ್ಟಿಗೆ ತುಂಡಿನ ಹಾಗೆ ನೆಟ್ಟಗೆ ನಿಂತಿರುತ್ತದೆ. ಊಟ ಕಲಿಸುವುದಕ್ಕೂ ಎಡಗೈ ಬಂತು. ಮದುವೆ ಮಾತು ಎರಡು ಸಲ ಬಂದು ಹಿಂದೆ ಹೋಯಿತು. ಸಂಜೆ ಕಟ್ಟೆಗೆ ಬರುವುದನ್ನೇ ಬಿಟ್ಟ.

ಕಟ್ಟೆಯ ಹುಡುಗರೆಲ್ಲ ಆಗ ಪಬ್‌ಜಿಯಲ್ಲಿ ಮುಳುಗಿದ್ದ ಕಾಲ. ಅಣ್ಣನೂ ಮನೆಯಲ್ಲಿ ಗುಟ್ಟಾಗಿ ಪ್ರಯತ್ನ ಮಾಡಿದ. ಬಲ ಹೆಬ್ಬೆರಳಿಲ್ಲದೆ ಗುರಿ ಹೇಗೆ ಇಡುವುದು? ತೋರು ಬೆರಳಿನಿಂದ ಎಳೆದರೆ ಹಿಡಿತ ತಪ್ಪಿ ಫೋನು ಬೀಳುತ್ತಿತ್ತು. ಒಂದು ದಿನ ನಾನೇ ನಕ್ಕಿದ್ದೆ. ಆ ನಗು ಈಗಲೂ ನನಗೆ ಚುಚ್ಚುತ್ತದೆ.

ಮುಂದೆ ಯಾರೋ ಜೈರೋ ವಿಷಯ ಹೇಳಿದರು. ಆತನ ಹಳೇ ಫೋನಿನಲ್ಲಿ ಅದಿರಲಿಲ್ಲ. ಇಲ್ಲಿ ಒಂದು ಸೂಕ್ಷ್ಮ ತಿಳಿದಿರಲಿ. ಫೋನನ್ನು ಅಡ್ಡ ಹಿಡಿದರೆ ಚಿತ್ರವೂ ಅಡ್ಡ ಆಗುತ್ತದಲ್ಲ, ಅದನ್ನು ಮಾಡುವುದು ಬೇರೆ ಚಿಪ್ಪು. ಅದು ಭೂಮಿ ಯಾವ ಕಡೆ ಇದೆ ಎಂದು ಬಲ್ಲದು, ಅಗ್ಗದ ಫೋನಿನಲ್ಲೂ ಇರುತ್ತದೆ. ಜೈರೋಸ್ಕೋಪ್ ಬೇರೆ. ಅಕ್ಕಿಕಾಳಿನಷ್ಟು ಚಿಪ್ಪಿನೊಳಗೆ ಕಣ್ಣಿಗೆ ಕಾಣದಷ್ಟು ಸಣ್ಣ ತುಣುಕೊಂದು ಸದಾ ನಡುಗುತ್ತಿರುತ್ತದೆ. ಫೋನು ಹೊರಳಿದರೆ ಆ ನಡುಕ ಪಕ್ಕಕ್ಕೆ ವಾಲುತ್ತದೆ. ಎಷ್ಟು ವಾಲಿತು ಎಂಬುದರಿಂದ ಎಷ್ಟು ಬೇಗ ಹೊರಳಿತು ಎಂದು ಅಳೆಯುತ್ತಾರೆ. ಬಸ್ಸಿನಲ್ಲಿ ಆ ಹುಡುಗನ ಗುಂಡು ಆಕಾಶಕ್ಕೆ ಹಾರಿದ್ದು ಇದಕ್ಕೇ. ಹೊರಳಿದ್ದು ಕೈಯೋ ಬಸ್ಸೋ, ಆ ಚಿಪ್ಪಿಗೆ ಏನು ಗೊತ್ತು? ಬಹಳಷ್ಟು ಅಗ್ಗದ ಫೋನುಗಳಲ್ಲಿ ಖರ್ಚು ಉಳಿಸಲು ಇದನ್ನೇ ಬಿಟ್ಟಿರುತ್ತಾರೆ.

ಅಣ್ಣ ಆರು ತಿಂಗಳು ಕೂಡಿಟ್ಟು ಸೆಕೆಂಡ್ ಹ್ಯಾಂಡ್ ಫೋನು ತಂದ. ದೊಡ್ಡವ್ವ ಬೈದದ್ದೇ ಬೈದದ್ದು. "ದುಡಿಯೋ ಮಗ ಆಟದ ಫೋನಿಗೆ ರೊಕ್ಕ ಹಾಕ್ತಾನ!" ಅಣ್ಣ ಉತ್ತರ ಕೊಡಲಿಲ್ಲ. ಎಡ ಹೆಬ್ಬೆರಳಿನಿಂದ ನಡೆ, ಬಲ ತೋರು ಬೆರಳು ಮೇಲಿನ ಮೂಲೆಯಲ್ಲಿ ಗುಂಡಿಗೆ, ಗುರಿಗೆ ಎರಡೂ ಮಣಿಕಟ್ಟು. ಆ ನೆಟ್ಟನೆಯ ಹೆಬ್ಬೆರಳು ಫೋನಿನ ಹಿಂದೆ ಆಸರೆ. ತಿಂಗಳೊಳಗೆ ಕಟ್ಟೆಗೆ ಬಂದ. ಹುಡುಗರು, "ಅಣ್ಣಾ, ನೀ ನಮ್ಮ ಟೀಮಿಗೆ ಬಾ" ಎಂದರು. ಅಂದು ಮನೆಗೆ ಬಂದು ಆತ ಎರಡು ರೊಟ್ಟಿ ಜಾಸ್ತಿ ತಿಂದನೆಂದು ದೊಡ್ಡವ್ವನೇ ಹೇಳಿದಳು. ಅಲ್ಲಿಗೆ ಬೈಗುಳ ಬಂದಾಯಿತು.

ಈಗ ಸುರಪುರದ ಪಂದ್ಯದಲ್ಲಿ ಜೈರೋ ಬಂದ್ ಆದರೆ ಅಣ್ಣನೂ ಬಂದ್!

ಇದು ತಿಳಿದ ಮೇಲೆ ನ್ಯಾಯ ಸುಲಭ ಎಂದುಕೊಂಡಿರಾ? ನಾನೂ ಹಾಗೇ ಅಂದುಕೊಂಡಿದ್ದೆ. ಆದರೆ ಅದೇ ವಾರ ಮುತ್ಯಾ ನನ್ನ ಫೋನು ಕೇಳಿದ. ಕಾರು ಓಡಿಸುವ ಆಟ ಹಾಕಿ ಕೊಟ್ಟೆ. ಫೋನನ್ನೇ ಸ್ಟೇರಿಂಗಿನಂತೆ ತಿರುಗಿಸಿ ಆಡುವುದು. ಮುತ್ಯಾನ ಕೈ ಈಗ ನಡುಗುತ್ತದೆ. ಕಾರು ಕುಡಿದವನ ಹಾಗೆ ಎಡಕ್ಕೂ ಬಲಕ್ಕೂ ತೂರಾಡಿ ಗೋಡೆಗೆ ಬಡಿಯಿತು. ಮೂರು ಸಲ ಬಡಿಯಿತು. ಅಟ್ಟ ಮುರಿಯುವ ಹಾಗೆ ಕುಣಿದ ಮನುಷ್ಯ ಫೋನನ್ನು ಮೆಲ್ಲಗೆ ನನ್ನ ಕೈಗಿಟ್ಟು, "ನನ್ನ ಕೈ ನನ್ನ ಮಾತು ಕೇಳಂಗಿಲ್ಲ ಮಗಾ" ಎಂದ. ನಾನು ಸೆಟ್ಟಿಂಗಿಗೆ ಹೋಗಿ ಓರೆಯಾಟ ತೆಗೆದು ಬಟನ್ನು ಹಾಕಿಕೊಟ್ಟೆ. ಎಡ ಒತ್ತು, ಬಲ ಒತ್ತು. ಮುತ್ಯಾ ಒಂದು ಸುತ್ತು ಪೂರ್ತಿ ಮುಗಿಸಿದ. ಕಡೆಯ ನಂಬರು ಬಂದ. "ಇನ್ನೊಂದು ಸಲ ಹಚ್ಚು" ಎಂದ!

ನೋಡಿ ಸ್ವಾಮಿ ವಿಚಿತ್ರ. ಅಣ್ಣನಿಗೆ ಬಾಗಿಲು ತೆರೆದದ್ದೇ ಮುತ್ಯಾನಿಗೆ ಬಾಗಿಲು ಮುಚ್ಚಿತು.

* * *

ವಾರ ತುಂಬಿತು. ಸುರಪುರದ ಬಸ್‌ಸ್ಟ್ಯಾಂಡಿನ ಚಹಾದಂಗಡಿಯಲ್ಲಿ ಹುಡುಗರು ಕೂತಿದ್ದರು. ಮೊದಲು ತಪ್ಪೊಪ್ಪಿಗೆ ಮಾಡಿದೆ. ಪಟ್ಟಿಯಲ್ಲಿರುವವನು ನನ್ನ ಅಣ್ಣ, ಆತನ ಬೆರಳು ಹೀಗೆ, ನನ್ನ ನ್ಯಾಯದಲ್ಲಿ ಮಮಕಾರ ಸೇರಿರಬಹುದು, ನೋಡಿಕೊಳ್ಳಿ ಎಂದೆ. ಆಮೇಲೆ ಮೂರು ಮಾತು ಹೇಳಿದೆ.

ಒಂದು. ಮೈ ಮಾಡುವ ಕೆಲಸಕ್ಕೂ ತೆರೆಯ ಕೆಲಸಕ್ಕೂ ಸಂಬಂಧ ಇದ್ದರೆ ಮೈಯಾಟ ಚಂದ. 2009ರಲ್ಲಿ ವೀ ಯಂತ್ರಕ್ಕೆ ಜೈರೋ ಸೇರಿಸಿದ ಮೇಲೆ ಅದರಲ್ಲಿ ಬಿಲ್ಲುಬಾಣದ ಆಟ ಬಂತು. ಒಂದು ಕೈ ಬಿಲ್ಲು ಹಿಡಿದಂತೆ ನೆಟ್ಟಗೆ, ಇನ್ನೊಂದು ಕೈ ಹೆದೆ ಎಳೆದಂತೆ ಹಿಂದಕ್ಕೆ. ಬೇಡರ ನಾಡಿನ ನಮಗೆ ಇದನ್ನು ಬಿಡಿಸಿ ಹೇಳಬೇಕೆ? ಆದರೆ ಬಟನ್ ಒತ್ತುವ ಜಾಗದಲ್ಲಿ ಸುಮ್ಮನೆ ರಿಮೋಟು ಜಾಡಿಸು ಎಂದರೆ ಅದು ಆಟವಲ್ಲ, ನೊಣ ಓಡಿಸುವುದು. 2006ರ ಜೆಲ್ಡಾ ಗೇಮಿನಲ್ಲಿ ಕೈ ಹೇಗೆ ಜಾಡಿಸಿದರೂ ಕತ್ತಿ ತನ್ನ ಪಾಡಿಗೆ ತಾನು ಬೀಸುತ್ತಿತ್ತು. 2011ರ ಜೆಲ್ಡಾದಲ್ಲಿ ಕೈ ಬೀಸಿದ ದಿಕ್ಕಿಗೇ ಕತ್ತಿ ಬೀಸುತ್ತದೆ. ಎರಡಕ್ಕೂ ಮೈಯಾಟ ಎಂದೇ ಹೆಸರು, ಆದರೆ ಅಂತರ ಬಹಳ.

ಎರಡು. ದೊಡ್ಡ ಕುಣಿತಕ್ಕಿಂತ ಸಣ್ಣ ಚಲನೆ ಬಾಳಿಕೆ ಬರುತ್ತದೆ. ಮೈಯೆಲ್ಲ ಕೇಳಿದ ಕೈನೆಕ್ಟ್ ಮೂಲೆ ಸೇರಿತು. ಮಣಿಕಟ್ಟು ಮಾತ್ರ ಕೇಳುವ ಜೈರೋ ಉಳಿಯಿತು. ಮೈ ತುಂಬ ಆಡಬೇಕು ಎನ್ನುವವರಿಗೆ ಸುರಪುರದಲ್ಲೇ ವೇಣುಗೋಪಾಲಸ್ವಾಮಿ ಜಾತ್ರೆ ಇದೆ. ನೀರು ಎರಚುತ್ತಿದ್ದರೂ ಜಾರುವ ಕಂಬ ಏರಿ ತೋರಿಸಲಿ! ಕೈನೆಕ್ಟ್ ಅದರ ಮುಂದೆ ಯಾವ ಲೆಕ್ಕ?

ಮೂರು. ಎಲ್ಲಕ್ಕಿಂತ ಮುಖ್ಯ ಸೆಟ್ಟಿಂಗಿನ ಆ ಗುಂಡಿ. ಬೇಕಾದವನು ಹಾಕಿಕೊಳ್ಳಲಿ, ಬೇಡಾದವನು ತೆಗೆಯಲಿ. 2011ರ ಆ ಜೆಲ್ಡಾವನ್ನೇ 2021ರಲ್ಲಿ ಮತ್ತೆ ತಂದಾಗ ಕೈ ಬೀಸದೆ ಬಟನ್ನಿನಿಂದಲೂ ಆಡುವ ದಾರಿ ಇಟ್ಟರು. ಹತ್ತು ವರ್ಷ ಬೇಕಾಯಿತು ಅವರಿಗೆ. ಕಡ್ಡಾಯ ಮಾಡಿದರೂ ಕೇಡು, ಬಂದ್ ಮಾಡಿದರೂ ಕೇಡು.

ಜೈರೋ ಪಕ್ಷದವನು ಮುಗುಳ್ನಕ್ಕ. ವಿರೋಧ ಪಕ್ಷದವನು ಚಹಾ ಲೋಟ ತಿರುಗಿಸುತ್ತ ಸುಮ್ಮನೆ ಕೂತಿದ್ದ. ಕಡೆಗೆ ಹೇಳಿದ:

"ಅಣ್ಣಾ, ನೀವು ಹೇಳಿದ್ದು ಖರೆ ಅದ. ನನ್ನ ಫೋನಿಗಿ ಎಂಟು ಸಾವಿರ. ಇದರಾಗ ಆ ಚಿಪ್ಪೇ ಇಲ್ರಿ. ಗುಂಡಿ ಇದ್ದರೂ ನಾ ಏನ್ ಒತ್ತಲಿ? ನಮ್ಮಪ್ಪ ಬೆಂಗಳೂರಾಗ ಗೌಂಡಿ ಕೆಲಸ ಮಾಡ್ತಾನ. ಹದಿನೈದು ಸಾವಿರದ ಫೋನ್ ಕೊಡ್ಸು ಅಂತ ಹ್ಯಾಂಗ ಕೇಳಲಿ?"

ನನ್ನ ಮೂರು ಮಾತೂ ಚಹಾದ ಜೊತೆ ತಣ್ಣಗಾದವು. ಒಂದು ವಾರ ತಲೆ ಕೆಡಿಸಿಕೊಂಡು ಇವನನ್ನು ಹಟಮಾರಿ ಎಂದು ಎಣಿಸಿದ್ದೆ. ಹಟದ ಹಿಂದೆ ಇದ್ದದ್ದು ಎಂಟು ಸಾವಿರದ ಫೋನು. ಟಿವಿ ಗೇಮಿನ ಕಾಲದಲ್ಲಿ ಒಂದೇ ಪಿಸ್ತೂಲು ಕೈಯಿಂದ ಕೈಗೆ ಬರುತ್ತಿತ್ತು. ಈಗ ಅವರವರ ಪಿಸ್ತೂಲು ಅವರವರದು. ಅಪ್ಪನ ಜೇಬಿನ ಅಳತೆ ಗುರಿಯಲ್ಲಿ ಕಾಣುತ್ತದೆ.

ನ್ಯಾಯ ಹೇಳಲು ಬಂದವನು ಬಾಯಿ ಮುಚ್ಚಿ ಕೂತೆ. ಹುಡುಗರೇ ದಾರಿ ಹುಡುಕಿದರು. ಜೈರೋ ಇರಲಿ. ಚಿಪ್ಪಿಲ್ಲದವರು ಬೇಕೆಂದರೆ ಆಟ ಮುಗಿದವರ ಫೋನು ಈಸಿಕೊಳ್ಳಲಿ. ನಾಲ್ಕು ದಿನ ಮೊದಲೇ ಕೊಟ್ಟು ಕೈ ಪಳಗಿಸಿಕೊಳ್ಳಲೂ ಬಿಡೋಣ. ಇದು ಅವರ ಪಂಚಾಯ್ತಿಯ ತೀರ್ಪು, ನನ್ನದಲ್ಲ.

ಪಂದ್ಯ ನಡೆಯಿತು. ಎಂಟು ಸಾವಿರದ ಫೋನಿನ ಹುಡುಗ ಯಾರ ಫೋನೂ ಈಸಿಕೊಳ್ಳಲಿಲ್ಲ. ಹೆಬ್ಬೆರಳಿನಿಂದಲೇ ಆಡಿ ನಾಲ್ಕನೆಯವನಾದ. ನಮ್ಮ ಅಣ್ಣ ಎರಡನೇ ಸುತ್ತಿಗೇ ಔಟ್! ಮೂರು ಕಡೆಯಿಂದ ಸುತ್ತುವರಿದು ಹೊಡೆದರು. ಬಸ್ಸಿನಲ್ಲಿ ವಾಪಸು ಬರುವಾಗ ಆತ ಮುಖ ಬಾಡಿಸಿಕೊಂಡಿರುತ್ತಾನೆಂದು ನಾನು ಓರೆಗಣ್ಣಿನಿಂದ ನೋಡಿದೆ. ನಗುತ್ತಿದ್ದ.

"ಯಾಕಣ್ಣಾ, ಸೋತು ನಗ್ತಿಯಲ್ಲ?"

"ಇವತ್ತ ನಾ ಬೆರಳಿನ ಸಲ್ಯಾಕ ಸೋಲಲಿಲ್ಲೋ ತಮ್ಮಾ. ಆಟ ಬರದಕ್ಕ ಸೋತೆ. ಎಲ್ಲಾರೂ ಸೋತಂಗ ಸೋತೆ."

ವಾಚಕ ಮಿತ್ರರೇ, ನಿಮ್ಮ ಊರಿನಲ್ಲಿ ಇಂಥ ಪಂಚಾಯ್ತಿ ಬಿದ್ದರೆ ಮೊದಲು ಜಗಳವಾಡುವವನ ಫೋನು ಯಾವುದೆಂದು ಕೇಳಿ, ಆಮೇಲೆ ನ್ಯಾಯ ಹೇಳಿ. ನನ್ನಂತೆ ತಿರುಗಾ ಮುರುಗಾ ಮಾಡಬೇಡಿ. ಮುತ್ಯಾ ಮಾತ್ರ ಈಗ ನನ್ನ ಫೋನು ಬಿಡುತ್ತಿಲ್ಲ. ಈ ಬರಹವನ್ನೂ ಕಾಗದದ ಮೇಲೆ ಪೆನ್ನಿನಲ್ಲೇ ಬರೆದು ಕಳಿಸುತ್ತಿದ್ದೇನೆ.

ಬರುವ ವಾರ ಮತ್ತೆ ಸಿಗೋಣ.